ಗುರವ್ವ ವಾಪಸ್ ಕೊಟ್ಟ ಗುಳಿಗೆಗಳು

ಗುರವ್ವನ ಫೈಲಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದರು. ದವಾಖಾನೆಯಿಂದ ಸವದತ್ತಿಗೆ ಮರಳುವ ಬಸ್ಸಿನಲ್ಲಿ ಅದನ್ನು ನಾನು ಓದಿದೆ. "ರೋಗಿ ಔಷಧಿಯನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ಹೇಳಿದ ಮಾತು ಕೇಳುವುದಿಲ್ಲ" ಎಂಬುದು ಅದರ ಅರ್ಥ. ಓದಿದ ಕೂಡಲೇ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟು ಮೊದಲು ಬಂದದ್ದು ಗುರವ್ವನ ಮೇಲೆಯೇ ಎಂಬುದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಬಹಳ ಜನರಿಗೆ ಬಯ್ಯುವವನಿದ್ದೇನೆ.

ನಾನು ತ್ರ್ಯಂಬಕ. ಸವದತ್ತಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಗುರವ್ವ ಒಂಬತ್ತನೆಯ ಇಯತ್ತೆಯಲ್ಲಿ ನನ್ನ ವಿದ್ಯಾರ್ಥಿನಿ. ಆಕೆಯ ಬಗ್ಗೆ ನಾನು ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಹೇಳಿ ನಗಿಸುತ್ತಿದ್ದ ಒಂದು ಪ್ರಸಂಗವಿತ್ತು. ಒಂದು ಮಧ್ಯಾಹ್ನ ಪಾಠದ ನಡುವೆ ಹೆಡ್‌ಮಾಸ್ತರರು ಕರೆಸಿದರು. "ನಾ ಬರೂತನಾ ಯಾರೂ ಏಳಬ್ಯಾಡ್ರಿ" ಎಂದು ಹೇಳಿ ಹೋದವನು ಅಲ್ಲಿಯೇ ಮಾತಿಗೆ ಕೂತುಬಿಟ್ಟೆ. ಸಾಲೆ ಬಿಟ್ಟಿತು, ಮಕ್ಕಳೆಲ್ಲ ಮನೆಗೆ ಓಡಿದವು. ಕೊಡೆ ಮರೆತಿದ್ದೇನೆಂದು ವರ್ಗದ ಕೋಣೆಗೆ ಹೋದರೆ ಗುರವ್ವ ಒಬ್ಬಳೇ ಬೆಂಚಿನ ಮೇಲೆ ಕೂತಿದ್ದಾಳೆ. "ಯಾಕ ಹೋಗಲಿಲ್ಲ?" ಎಂದರೆ, "ನೀವು ಬರೂತನಾ ಏಳಬ್ಯಾಡ್ರಿ ಅಂದಿದ್ರಲ್ಲ ಸರ" ಅಂದಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಹುಡುಗಿ ಅದು. ಇಂಥವಳ ಫೈಲಿನಲ್ಲಿ ಮಾತು ಕೇಳುವುದಿಲ್ಲ ಎಂದು ಬರೆದಾಗ, ಜಗತ್ತಿನಲ್ಲಿ ಬೇರೆ ಯಾರಿಗಲ್ಲದಿದ್ದರೂ ನನಗಾದರೂ ಅನುಮಾನ ಬರಬೇಕಾಗಿತ್ತು.

ಹತ್ತನೆಯ ಇಯತ್ತೆ ಮುಗಿಯುತ್ತಲೇ ಆಕೆಯನ್ನು ಉಗರಗೋಳದ ನಿಜಗುಣಪ್ಪನಿಗೆ ಕೊಟ್ಟರು. ನಿಜಗುಣಪ್ಪ ಹೊಲ ನೋಡಿಕೊಳ್ಳುತ್ತಾನೆ. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ದಾರಿಯಲ್ಲಿರುವ ಅಂಗಡಿ ಗುರವ್ವನದು. ಕಾಯಿ, ಕರ್ಪೂರ, ಹಸಿರು ಬಳೆ, ಬುಟ್ಟಿ ತುಂಬ ಭಂಡಾರ. ಎಲ್ಲಮ್ಮನಿಗೆ ಏರಿಸುವ ಅರಿಸಿನ ಪುಡಿಗೆ ನಮ್ಮಲ್ಲಿ ಭಂಡಾರ ಅನ್ನುತ್ತಾರೆ. ಆ ಸಾಲಿನಲ್ಲಿ ಹಲವರು ಅದಕ್ಕೆ ಹಿಟ್ಟು ಬೆರೆಸುತ್ತಾರೆ, ಬಣ್ಣ ಹಾಕುತ್ತಾರೆ. ಗುರವ್ವ ಅರಿಸಿನದ ಕೊಂಬು ತಂದು ತಾನೇ ಗಿರಣಿಯ ಮುಂದೆ ನಿಂತು ಬೀಸಿಸುತ್ತಾಳೆ. "ದೇವಿ ಹಣಿಗೆ ಹೋಗೂದಕ್ಕ ಬಣ್ಣಾ ಹಾಕಾಕ ಬರ್ತೈತೇನ್ರಿ" ಎಂದು ಕೇಳುತ್ತಾಳೆ. ಉತ್ತರ ಬೇಕಾಗಿ ಕೇಳುವ ಪ್ರಶ್ನೆಯಲ್ಲ ಅದು.

ಹೋದ ವರ್ಷದ ಹಿಂದಿನ ವರ್ಷ, ಹುಣ್ಣಿಮೆಯ ಜಾತ್ರೆಯ ಗದ್ದಲ ಮುಗಿದ ಮೇಲೂ ಆಕೆಯ ದಣಿವು ಇಳಿಯಲಿಲ್ಲ. ಊಟ ಎರಡು ತುತ್ತಿಗೆ ಸಾಕಾಗುತ್ತಿತ್ತು. ಎಡ ಪಕ್ಕೆಯ ಕೆಳಗೆ ಏನೋ ಗಟ್ಟಿಯಾಗಿ ಕೈಗೆ ಹತ್ತಿತು. ಸವದತ್ತಿಯಲ್ಲಿ ರಕ್ತ ಪರೀಕ್ಷೆ ಮಾಡಿದರೆ, ಹೆಚ್ಚೆಂದರೆ ಹನ್ನೊಂದು ಸಾವಿರ ಇರಬೇಕಾದ ಬಿಳಿ ಕಣ ಎರಡು ಲಕ್ಷ ನಲವತ್ತು ಸಾವಿರ ಇದ್ದವು. ರಕ್ತದ ಕ್ಯಾನ್ಸರ್. ಆಗ ಆಕೆಗೆ ನಲವತ್ತನಾಲ್ಕು. ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ದೊಡ್ಡ ದವಾಖಾನೆಗೆ ಕಳಿಸಿದರು. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದಕ್ಕೇ ಬೈದ ಹಾಗಾಗುತ್ತದೆ, ಮಿಕ್ಕವರೆಲ್ಲ ಆರಾಮಾಗಿ ಕೂಡುತ್ತಾರೆ.

ಗುಳಿಗೆ ಶುರುವಾದ ವಾರ ಆಕೆ ಗಂಡನ ಜೊತೆ ನಮ್ಮ ಮನೆಗೆ ಬಂದಳು. ಸೂಜಿಯಿಲ್ಲ, ಕೂದಲು ಉದುರುವುದಿಲ್ಲ, ದಿನಕ್ಕೊಂದು ಗುಳಿಗೆ ಅಷ್ಟೇ ಎಂದು ದವಾಖಾನೆಯಲ್ಲಿ ಅಂದರಂತೆ. ಓಣಿಯವರು, "ಇಷ್ಟ ಸಣ್ಣ ಗುಳಿಗಿಗೆ ಕ್ಯಾನ್ಸರ್ ಹೋಗ್ತೈತೇನು, ನಿನಗ ಏನೋ ಮುಚ್ಚಿಟ್ಟಾರ" ಎಂದು ಹೆದರಿಸಿದ್ದರು. "ಇದು ಒಳಗ ಹೋಗಿ ಏನ ಮಾಡತೈತಿ ಸರ?" ಎಂದು ಕೇಳಿದಳು.

ನನಗೆ ನಾಲ್ಕು ವರ್ಷದಿಂದ ಯಾರೂ ಏನನ್ನೂ ಕೇಳಿರಲಿಲ್ಲ. ಹುರುಪು ಬಂದುಬಿಟ್ಟಿತು. ಹಳೆಯ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ಪಾಠ ಶುರು ಮಾಡಿದೆ. ಜೀವಕೋಶದ ಒಳಗಿನ ಕೆಲಸಗಳನ್ನು ನಡೆಸುವುದು ಕಿಣ್ವಗಳು. ಒಂದೊಂದು ಕೆಲಸಕ್ಕೆ ಒಂದೊಂದು ಕಿಣ್ವ. ಈ ರೋಗದಲ್ಲಿ ಎಲುಬಿನ ಮಜ್ಜೆಯ ಒಂದು ಜೀವಕೋಶದಲ್ಲಿ ಎರಡು ವರ್ಣತಂತುಗಳು ತುಂಡಾಗಿ, ತುಂಡುಗಳು ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಆ ತಪ್ಪು ಜೋಡಣೆಯಿಂದ ಹೊಸದೊಂದು ಕಿಣ್ವ ಹುಟ್ಟುತ್ತದೆ. ಅದಕ್ಕೆ ನಿಲ್ಲುವುದೇ ಗೊತ್ತಿಲ್ಲ. ಬಿಳಿ ಕಣಗಳಿಗೆ ಹೆಚ್ಚಿರಿ, ಹೆಚ್ಚಿರಿ ಎಂದು ಒಂದೇ ಸಮನೆ ಅಪ್ಪಣೆ ಕೊಡುತ್ತದೆ. ಆ ಕಿಣ್ವದ ಮೈಯಲ್ಲಿ ಒಂದು ಸಣ್ಣ ತಗ್ಗು. ಶಕ್ತಿ ಕೊಡುವ ಕಣವೊಂದು ಅಲ್ಲಿ ಬಂದು ಕೂತರೇ ಅದರ ಕೆಲಸ ನಡೆಯುವುದು. ಇಮಾಟಿನಿಬ್ ಎಂಬ ಈ ಗುಳಿಗೆ ಹೋಗಿ ಆ ತಗ್ಗಿನಲ್ಲಿ ತಾನೇ ಕೂತುಬಿಡುತ್ತದೆ. ಕಿಣ್ವ ಸತ್ತಿರುವುದಿಲ್ಲ, ಆದರೆ ಕೈ ಕಟ್ಟಿದ ಹಾಗಾಗುತ್ತದೆ.

ಗುರವ್ವ ಸ್ವಲ್ಪ ಹೊತ್ತು ಚಿತ್ರ ನೋಡಿದಳು. "ಹಿಂದಕ ನಮ್ಮ ಅಂಗಡಿ ಕೀಲಿಯೊಳಗ ಯಾರೋ ಕಡ್ಡಿ ಮುರದ ಹಾಕಿದ್ರು ಸರ. ಚಾವಿ ಒಳಗ ಹೋಗಲಿಲ್ಲ. ಹಂಗೇನು?"

"ಅದ ನೋಡು. ಬರೋಬ್ಬರಿ ಹಂಗ" ಅಂದೆ. ನನ್ನ ಇಡೀ ಸರ್ವೀಸಿನಲ್ಲಿ ಇಷ್ಟು ಚೆಂದ ಯಾರೂ ತಿಳಿದುಕೊಂಡಿರಲಿಲ್ಲ. ಹೆಂಡತಿ ಮಥುರಾಬಾಯಿಯನ್ನು ಕರೆದು ಆಕೆಗೂ ಒಮ್ಮೆ ಹೇಳಿಸಿದೆ, ಎಲ್ಲರಿಗೂ ಚಹಾ ಆಯಿತು. ಆದರೆ ಅರ್ಧ ಪಾಠವನ್ನು ನಾನು ಹೇಳಿಯೇ ಇರಲಿಲ್ಲ. ಶರೀರ ಆ ಕಡ್ಡಿಯನ್ನು ದಿನಾಲೂ ಹೊರಗೆ ಹಾಕುತ್ತದೆ, ದಿನಾಲೂ ಹೊಸ ಕಡ್ಡಿ ತುರುಕಬೇಕು. ಅದನ್ನು ಬಿಟ್ಟೆ. ಹೊಗಳಿಕೆ ಸಿಕ್ಕಿತ್ತು, ಸಾಕಾಗಿತ್ತು.

ದವಾಖಾನೆಯವರು ಆಕೆಗೆ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಚೀಟಿ ಕೊಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ಗುಳಿಗೆ ತೆಗೆದುಕೊಳ್ಳಲೇಬಾರದು, ಹೊಟ್ಟೆ ತುಂಬ ತಿಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು. ಬೆಳಿಗ್ಗೆ ಒಂದೇ ಹೊತ್ತಿಗೆ ತೆಗೆದುಕೊಳ್ಳಬೇಕು, ಹೊತ್ತು ಬದಲಿಸಬಾರದು. ಬಿಟ್ಟುಹೋದ ಗುಳಿಗೆಯನ್ನು ಮರುದಿನ ಸೇರಿಸಿ ಎರಡು ನುಂಗಬಾರದು. ಆ ಚೀಟಿಯನ್ನು ಗುರವ್ವ ಅಂಗಡಿಯಲ್ಲಿ ದೇವಿಯ ಫೋಟೋದ ಪಕ್ಕಕ್ಕೆ ಅಂಟಿಸಿ ಬಾಯಿಪಾಠ ಮಾಡಿಕೊಂಡಿದ್ದಳು. ಗುಳಿಗೆ ಕೊಡುವ ಕೌಂಟರಿನವನು ಬೇರೆ, "ಖಾಲಿ ಹೊಟ್ಟೀಲೆ ತಗೊಂಡ್ರ ರಕ್ತಾ ಕಾರ್ತೀರಿ ನೋಡ್ರಿ" ಎಂದು ಹೆದರಿಸಿದ್ದ.

ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಆ ತಪ್ಪು ಜೋಡಣೆ ಇನ್ನೂ ಎಷ್ಟು ಉಳಿದಿದೆ ಎಂದು ಅದರಲ್ಲಿ ನೋಡುತ್ತಾರೆ. ಮೊದಲ ಸಲ ನೂರಕ್ಕೆ ಎಂಟು ಬಂತು, ಎರಡನೆಯ ಸಲ ಮೂರು. ಪಕ್ಕೆಯ ಕೆಳಗೆ ಗಟ್ಟಿಯಾಗಿ ಹತ್ತುತ್ತಿದ್ದ ಗುಲ್ಮದ ಊತ ಇಳಿದಿತ್ತು. ಡಾಕ್ಟರಮ್ಮ, "ಚಲೋ ಆತು, ಆದರ ಇದು ಸೊನ್ನಿ ಹತ್ರ ಬರಬೇಕು" ಅಂದರು. ಗುರವ್ವ ದವಾಖಾನೆಯಿಂದ ನೇರವಾಗಿ ಗುಡ್ಡಕ್ಕೆ ಹೋಗಿ ಹರಕೆ ಹೊತ್ತಳು. ಆ ಸಂಖ್ಯೆ ಸೊನ್ನೆಗೆ ಬರುವವರೆಗೆ ಮಂಗಳವಾರ, ಶುಕ್ರವಾರ, ಮತ್ತೆ ಹುಣ್ಣಿಮೆಗೆ ಉಪವಾಸ. ನಮ್ಮಲ್ಲಿ ಇದಕ್ಕೆ ವಾರ ಹಿಡಿಯುವುದು ಅನ್ನುತ್ತಾರೆ. ಒಬ್ಬೊಬ್ಬರ ವಾರ ಒಂದೊಂದು ಥರ. ಗುರವ್ವನದು ಹೊತ್ತು ಮುಳುಗುವವರೆಗೆ ಚಹಾ, ನೀರು ಅಷ್ಟೇ.

ಮೂರು ತಿಂಗಳ ಮೇಲೆ ಆ ಸಂಖ್ಯೆ ಆರಾಯಿತು. ಗುರವ್ವ ಸೋಮವಾರವನ್ನೂ ಸೇರಿಸಿದಳು. ಮುಂದಿನ ಸಲ ಹದಿನಾಲ್ಕಾಯಿತು.

ಆ ನಡುವೆ ಒಂದು ಶುಕ್ರವಾರ ನಾನು ಆಕೆಯ ಅಂಗಡಿಗೆ ಹೋಗಿದ್ದೆ. ನನಗೆ ಅವಲಕ್ಕಿ ತರಿಸಿ ತಾನು ಬರೀ ಚಹಾ ಕುಡಿದಳು. "ಏನವಾ, ವಾರ ಹಿಡದೀಯೇನು?" ಎಂದು ನಗಾಡಿ ಅವಲಕ್ಕಿ ತಿಂದು ಬಂದೆ. ಎಂ.ಎಸ್ಸಿ. ಓದಿದವನು ನಾನು. ಕಣ್ಣ ಮುಂದೆ ಇತ್ತು ಎಲ್ಲವೂ.

ಹದಿನಾಲ್ಕು ಬಂದ ದಿನ ಡಾಕ್ಟರಮ್ಮ, ಓದಿದವರು ಯಾರನ್ನಾದರೂ ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದರು. ಮರುವಾರ ನಾನು ಗುರವ್ವನ ಜೊತೆ ಹೋದೆ. ಮೃಣಾಲಿನಿ ಅಂತ ಡಾಕ್ಟರಮ್ಮನ ಹೆಸರು. ಚಿಕ್ಕ ವಯಸ್ಸು, ಕಣ್ಣ ಕೆಳಗೆ ಕಪ್ಪು. ಹೊರಗೆ ಬೆಂಚಿನ ಮೇಲೆ ಎಪ್ಪತ್ತು ಜನ. "ಎರಡರಾಗ ಒಂದು ಆಗೇದ ಸರ್" ಅಂದರು. "ಒಂದು, ಆ ಕಿಣ್ವದ ಆಕಾರನ ಬದಲಾಗಿರಬೇಕು. ತಗ್ಗಿನ ರೂಪ ಬದಲಾದ್ರ ಈ ಗುಳಿಗಿ ಅಲ್ಲಿ ಕೂಡೂದಿಲ್ಲ, ಬ್ಯಾರೆ ಔಷಧ ಬೇಕಾಗ್ತದ. ಇಲ್ಲಾ, ಇವರು ಗುಳಿಗಿ ತಗೊಳ್ಳಾಕ ಹತ್ತಿಲ್ಲ." ಅರ್ಧಮರ್ಧ ತೆಗೆದುಕೊಂಡರೂ ಕಿಣ್ವ ಹಾಗೆ ಬದಲಾಗಲು ಜಾಗ ಸಿಗುತ್ತದೆ, ಆಮೇಲೆ ಉಳಿಸುವುದು ಕಷ್ಟ ಎಂದೂ ಹೇಳಿದರು. ಮಾತು ಕೇಳದ ರೋಗಿ ಎಂದು ಮೂರು ಸಲ ಫೈಲಿಗೆ ಬಿದ್ದರೆ ಪುಕ್ಕಟೆ ಔಷಧದ ಪಟ್ಟಿಯಿಂದ ಹೆಸರು ತೆಗೆಯುವ ನಿಯಮವೊಂದಿತ್ತು. ಗುರವ್ವನ ಹೆಸರಿನ ಮುಂದೆ ಒಂದು ಸಲ ಬಿದ್ದಿತ್ತು, ಆ ದಿನ ಎರಡನೆಯದು.

"ಗುಳಿಗಿ ಸರಿಯಾಗಿ ತಗೋತೀರೇನು?" ಎಂದು ಡಾಕ್ಟರಮ್ಮ ಕೇಳಿದರು.

"ನೀವು ಹೇಳಿಧಂಗ ತಗೋತೇನ್ರಿ" ಅಂದಳು ಗುರವ್ವ.

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಎಲ್ಲರೂ ಹೀಗೇ ಅನ್ನುತ್ತಾರೆ ಎಂಬ ನೋಟ ಅದು. ನಾನೂ ತಲೆಯಾಡಿಸಿದೆ. ಇಬ್ಬರು ಓದಿದವರು ಒಬ್ಬ ಹೆಣ್ಣುಮಗಳ ತಲೆಯ ಮೇಲಿಂದ ಹಾಗೆ ನೋಡಿಕೊಂಡದ್ದನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ.

ಬಸ್ಸಿನಲ್ಲಿ ಫೈಲು ತೆಗೆದಾಗ ಆ ಸಾಲಿನ ಕೆಳಗೆ ಒಂದು ಪಟ್ಟಿ ಕಂಡಿತು. ಗುಳಿಗೆ ತಿಂಗಳಿಗೊಮ್ಮೆ ಕೌಂಟರಿನಲ್ಲಿ ಕೊಡುತ್ತಾರೆ, ಮೂವತ್ತು. ಪಕ್ಕದಲ್ಲಿ 'ಮರಳಿಸಿದ್ದು' ಎಂದು ಇನ್ನೊಂದು ಅಂಕಣ. ಮೊದಲಾರು ತಿಂಗಳು ಏನೂ ಇಲ್ಲ. ಆಮೇಲೆ ಒಂಬತ್ತು, ಹತ್ತು, ಒಂಬತ್ತು. ಆಮೇಲೆ ಹದಿಮೂರು, ಹದಿನಾಲ್ಕು, ಹದಿಮೂರು.

"ಇವೇನು?" ಅಂದೆ.

"ಉಳಿದಾವಲ್ಲ ಸರ, ವಾಪಸ್ ಕೊಟ್ಟೇನಿ. ಪುಕ್ಕಟ ಕೊಟ್ಟದ್ದನ್ನ ಮನ್ಯಾಗ ಇಟ್ಕೊಂಡು ಏನ್ ಮಾಡ್ಲಿ, ಯಾರಿಗರೆ ಆಗ್ತಾವು" ಅಂದಳು. ಅದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ.

ನಾನು ಕೂಗಾಡಿಬಿಟ್ಟೆ. ಅರ್ಧ ಗುಳಿಗೆ ವಾಪಸ್ ಕೊಟ್ಟು ಡಾಕ್ಟರ ಮುಂದೆ ಸುಳ್ಳು ಹೇಳುತ್ತೀಯಾ, ಜೀವ ಬೇಡವಾಗಿದೆಯಾ ಎಂದು ಮುಂದಿನ ಸೀಟಿನವರು ತಿರುಗಿ ನೋಡುವ ಹಾಗೆ ಬೈದೆ. ಗುರವ್ವ, "ಹೇಳಿಧಂಗ ತಗೊಂಡೇನಿ ಸರ" ಎಂದು ಒಂದೇ ಮಾತು ಹೇಳಿ ಕಿಟಕಿಯ ಕಡೆ ಮುಖ ಮಾಡಿದಳು. ಯಾಕೆ ಉಳಿದವು ಎಂದು ಮಾತ್ರ ನಾನು ಕೇಳಲಿಲ್ಲ. ಆರು ತಿಂಗಳು ಕೌಂಟರಿನವನು ಎಣಿಸಿ ಬರೆದುಕೊಂಡಿದ್ದ, ಅವನೂ ಕೇಳಿರಲಿಲ್ಲ. ಡಾಕ್ಟರಮ್ಮ ಆ ಪಟ್ಟಿಯ ನೆತ್ತಿಯ ಮೇಲೆಯೇ ಆ ಸಾಲು ಬರೆದಿದ್ದರು, ಅವರೂ ಕೇಳಿರಲಿಲ್ಲ.

ಮನೆಗೆ ಬಂದಾಗ ಮಥುರಾಬಾಯಿ ಮರುದಿನದ ಏಕಾದಶಿಗೆ ಶೇಂಗಾ ಸುಲಿಯುತ್ತಿದ್ದಳು. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, "ತಿಂಗಳಿಗೆ ಎಷ್ಟು ಉಳಿದಿದ್ವಂತ?" ಎಂದಳು.

"ಹದಿಮೂರು."

ಗುರವ್ವ ಹಿಂದೆ ತಾನಾಗಿ ಹೇಳಿದ್ದ ವಾರಗಳನ್ನು ನೆನಪಿಸಿಕೊಂಡು ಶೇಂಗಾದ ಕೈಯಲ್ಲೇ ಬೆರಳು ಮಡಿಚಿದಳು. "ಸೋಮವಾರ ನಾಕು, ಮಂಗಳವಾರ ನಾಕು, ಶುಕ್ರವಾರ ನಾಕು. ಹುಣ್ಣಿವಿ ಒಂದು. ಹದಿಮೂರು ಆದ್ವಲ್ರೀ. ಖಾಲಿ ಹೊಟ್ಟೀಲೆ ತಗೋಬಾರದು ಅಂತ ಹೇಳ್ಯಾರ, ಆಕಿ ತಗೊಂಡಿಲ್ಲ. ಇದರಾಗ ಆಕೀದೇನು ತಪ್ಪು ಅದ?"

ನಾನು ಕೊಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಸಂಜೆ ಉಪವಾಸ ಬಿಟ್ಟ ಮೇಲಾದರೂ ತೆಗೆದುಕೊಳ್ಳಬಹುದಿತ್ತಲ್ಲ ಎಂದರೆ, ಹೊತ್ತು ಬದಲಿಸಬಾರದು ಎಂದು ಚೀಟಿಯಲ್ಲಿದೆ. ಮರುದಿನ ಸೇರಿಸಿ ನುಂಗಬಹುದಿತ್ತಲ್ಲ ಎಂದರೆ, ಅದೂ ಕೂಡದು ಎಂದು ಚೀಟಿಯಲ್ಲಿದೆ. ಆ ಚೀಟಿಯನ್ನು ಆಮೇಲೆ ನಾನು ಹತ್ತು ಸಲ ಓದಿದೆ. ಒಂದು ದಿನವೂ ಬಿಡಬಾರದು ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಅದು ಬರೆಯಬೇಕಾದ ಮಾತು ಎಂದು ಯಾರಿಗೂ ಅನ್ನಿಸಿಲ್ಲ.

ಮರುದಿನ ಬೆಳಿಗ್ಗೆ ಉಗರಗೋಳಕ್ಕೆ ಹೋದೆ. ಗುರವ್ವ ಭಂಡಾರ ಜರಡಿ ಹಿಡಿಯುತ್ತಿದ್ದಳು. ನನ್ನನ್ನು ಕಂಡು, "ಕುಂತ್ರಿ ಸರ" ಅಂದಳು, ಮುಖ ಎತ್ತಲಿಲ್ಲ. ನಾನು ಕೂಡದೆ, ನಿಂತುಕೊಂಡೇ, ಅಂದು ಬಿಟ್ಟ ಅರ್ಧ ಪಾಠ ಹೇಳಿದೆ.

ಜರಡಿ ನಿಂತಿತು. "ದಿನಾ ಉದುರತೈತೇನು ಆ ಕಡ್ಡಿ?"

"ದಿನಾ. ಒಂದು ದಿನಾ ಹಾಕಲಿಲ್ಲಂದ್ರ ಕೀಲಿ ತೆರಕೋತದ."

"ಅದನ್ನ ಅವತ್ತ ಯಾಕ ಹೇಳ್ಲಿಲ್ಲ ನೀವು?"

ಆಕೆ ಕೈಯಲ್ಲಿನ ಅರಿಸಿನವನ್ನು ನೋಡುತ್ತ ಕೂತಳು. "ರಿಪೋರ್ಟ್ ಏರಿದಂಗ ನಾ ವಾರ ಏರಿಸಿಕೋತ ಹ್ವಾದೆ" ಎಂದಳು. "ನಾ ಉಪಾಸ ಬಿದ್ದು ಆ ರೋಗಕ್ಕ ಉಣಿಸೇನಿ ಸರ." ಆಕೆ ಅಳಲಿಲ್ಲ. ಗಿರಾಕಿ ಬಂದರು, ಕಾಯಿ ಕೊಟ್ಟಳು, ಚಿಲ್ಲರೆ ಕೊಟ್ಟಳು, ಮತ್ತೆ ಬಂದು ಕೂತಳು.

ಆಮೇಲೆ ಫೈಲಿನ ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಮುಚ್ಚಿಟ್ಟದ್ದು ಸಾಕಾಗಿತ್ತು ನನಗೆ.

"ನಾ ಮಾತ ಕೇಳೂದಿಲ್ಲ ಅಂತ ಬರದಾರ?" ಎಂದು ಮೆಲ್ಲಗೆ ಕೇಳಿದಳು. "ನಾನ?" ಮೂವತ್ತು ವರ್ಷದಲ್ಲಿ ಆಕೆಯ ಮುಖದ ಮೇಲೆ ನಾನು ಸಿಟ್ಟು ಕಂಡದ್ದು ಅದೇ ಮೊದಲು. ರೋಗ ಬಂದಾಗಲೂ ಸಿಟ್ಟಾದವಳಲ್ಲ. ಫೋಟೋದ ಪಕ್ಕದ ಚೀಟಿಯನ್ನು ಹುಷಾರಾಗಿ, ಮೂಲೆ ಹರಿಯದ ಹಾಗೆ ಬಿಡಿಸಿಕೊಂಡಳು. ಒಂದು ಗುಳಿಗೆಯ ಪಟ್ಟಿ ತೆಗೆದು ಇಟ್ಟಳು. ಮನೆಯಿಂದ ರೊಟ್ಟಿ ತರಿಸಿ ನನ್ನ ಎದುರಿಗೇ ತಿಂದು ಗುಳಿಗೆ ನುಂಗಿದಳು. ಅಂದು ಶುಕ್ರವಾರವಾಗಿತ್ತು. "ದೇವಿ ಜೋಡಿ ನಾ ಮಾತಾಡ್ತೇನಿ. ಆಕಿ ತಿಳಕೋತಾಳ" ಎಂದಳು. ವಾರಕ್ಕೆ ಬದಲಾಗಿ ಚಹಾ ಬಿಟ್ಟಳು. ಆಕೆಯ ಚಹಾದ ಹುಚ್ಚು ಗೊತ್ತಿದ್ದವರಿಗೆ ಅದೇನು ಸಣ್ಣ ಹರಕೆಯಲ್ಲ ಎಂಬುದೂ ಗೊತ್ತು.

ಮುಂದಿನ ಗುರುವಾರ ದವಾಖಾನೆಗೆ ಹೋದೆವು. ಡಾಕ್ಟರಮ್ಮನ ಮೇಜಿನ ಮೇಲೆ ಫೈಲುಗಳ ಪಕ್ಕದಲ್ಲಿ ಒಂದು ಸ್ಟೀಲ್ ಡಬ್ಬಿ ತೆರೆದಿತ್ತು. ಅದರಲ್ಲಿ ಉಪವಾಸದ ದಿನ ತಿನ್ನುವ ಸಾಬೂದಾಣಿ ಖಿಚಡಿ. ಗುರವ್ವ ಅದನ್ನು ನೋಡಿದಳು.

"ಗುರುವಾರ ಹಿಡೀತೀರೇನ್ರಿ ಬಾಯಾರ?"

ಡಾಕ್ಟರಮ್ಮ ನಕ್ಕರು. "ಹೌದ್ರಿ, ಸಣ್ಣಾಕಿದ್ದಾಗಿಂದ."

"ನಿಮಗ ದಿನಾ ಬೆಳಿಗ್ಗಿ ಗುಳಿಗಿ ಇದ್ರ ಇವತ್ತ ಏನ ಮಾಡತಿದ್ರಿ?"

"ಇದನ್ನ ತಿಂದು ತಗೋತಿದ್ದೆ."

"ನಮ್ಮ ವಾರದಾಗ ಇದು ಇಲ್ರಿ. ಹೊತ್ತು ಮುಣುಗೂತನಾ ಏನೂ ಇಲ್ಲ." ಗುರವ್ವ ಚೀಟಿಯನ್ನು ಡಬ್ಬಿಯ ಪಕ್ಕಕ್ಕೆ ಬಿಡಿಸಿ ಇಟ್ಟಳು, ಸಾಲಿನ ಮೇಲೆ ಬೆರಳಿಟ್ಟಳು. "ಖಾಲಿ ಹೊಟ್ಟೀಲೆ ತಗೋಬ್ಯಾಡ ಅಂದ್ರಿ, ತಗೊಳ್ಳಲಿಲ್ಲ. ಹೊತ್ತ ಬದಲಿ ಮಾಡಬ್ಯಾಡ ಅಂದ್ರಿ, ಮಾಡಲಿಲ್ಲ. ಕೂಡಿಸಿ ನುಂಗಬ್ಯಾಡ ಅಂದ್ರಿ, ನುಂಗಲಿಲ್ಲ. ಉಳಿದದ್ದನ್ನ ಎಣಿಸಿ ನಿಮ್ಮ ಕೈಯಾಗ ಕೊಟ್ಟೇನಿ. ಇದರಾಗ ಯಾವ ಮಾತ ಮೀರೇನಿ ಹೇಳ್ರಿ. ಹೇಳಿದ ಮ್ಯಾಲ ಆ ಸಾಲು ಹಂಗ ಇರ್ಲಿ."

ಡಾಕ್ಟರಮ್ಮ ಚೀಟಿ ಓದಿದರು. ಫೈಲಿನ ಪಟ್ಟಿ ನೋಡಿದರು. ಮತ್ತೆ ಚೀಟಿ ಓದಿದರು. ಅವರ ಕಿವಿ ಕೆಂಪಗಾದವು. "ಒಬ್ಬೊಬ್ಬರಿಗೆ ನನಗ ಮೂರು ನಿಮಿಷ ಸಿಗ್ತದ ಸರ್" ಎಂದು ನನಗೆ ಹೇಳಿದರು. ಅದು ಸುಳ್ಳಲ್ಲ, ಹೊರಗೆ ಬೆಂಚು ತುಂಬಿತ್ತು. ಆದರೆ ಯಾವ ವಾರ ಹಿಡೀತೀರಿ ಎಂದು ಕೇಳಲು ಮೂರು ನಿಮಿಷ ಬೇಕಾಗಿಲ್ಲ. ಕಿಣ್ವದ ತಗ್ಗು ಎಷ್ಟು ಆಳ, ಎಷ್ಟು ಅಗಲ ಎಂದು ಕಂಡುಹಿಡಿದು ಅದಕ್ಕೆ ಸರಿಯಾಗಿ ಔಷಧ ಕಟ್ಟಿದ ಜನ ಎಲ್ಲೋ ಇದ್ದಾರೆ, ಅವರಿಗೆ ನಾನು ಕೈಮುಗಿಯುತ್ತೇನೆ. ಅಷ್ಟು ದೂರದಿಂದ ಬಂದ ಔಷಧಿ ಉಗರಗೋಳದ ಒಬ್ಬ ಹೆಣ್ಣುಮಗಳ ಬಾಯಿಯವರೆಗೆ ಬಂದು ನಿಂತುಬಿಟ್ಟಿತಲ್ಲ. ಆಕೆ ಸೋಮವಾರ ಉಣ್ಣುತ್ತಾಳೋ ಇಲ್ಲವೋ ಎಂದು ನಮಗೆ ಯಾರಿಗೂ ಕೇಳಬೇಕು ಅನ್ನಿಸಲಿಲ್ಲವಲ್ಲ. ವಾರ ಹಿಡಿಯುವ ಡಾಕ್ಟರಿಗೂ, ಏಕಾದಶಿ ಮಾಡುವವಳ ಗಂಡನಾದ ನನಗೂ.

ಡಾಕ್ಟರಮ್ಮ ಪೆನ್ನು ತೆಗೆದು ಆ ಎರಡೂ ಸಾಲುಗಳನ್ನು ಹೊಡೆದುಹಾಕಿದರು. ಗುರವ್ವ, "ಖರೇದ್ದು ಬರೀರಿ" ಅಂದಳು. ಅವರು ಬರೆದರು, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದರು: ರೋಗಿ ನಮ್ಮ ಸೂಚನೆಯನ್ನು ಪಾಲಿಸಿದ್ದಾರೆ, ಸೂಚನೆ ಅಪೂರ್ಣವಾಗಿತ್ತು. ಕೆಳಗೆ ಸಹಿ ಮಾಡಿದರು. ಗುರವ್ವ ಸಹಿಯನ್ನೂ ನೋಡಿಕೊಂಡಳು. ಕಿಣ್ವದ ಆಕಾರ ಬದಲಾಗಿದೆಯೋ ಇಲ್ಲವೋ ನೋಡಲು ಅಂದೇ ರಕ್ತ ತೆಗೆದರು. ಫಲಿತಾಂಶಕ್ಕೆ ಮೂರು ವಾರ ಎಂದರು.

ಆ ಮೂರು ವಾರ ಮಥುರಾಬಾಯಿಗೂ ನನಗೂ ಊಟ ರುಚಿಸಲಿಲ್ಲ. ಬದಲಾಗಿದ್ದರೆ ಗುಳಿಗೆ ಇನ್ನು ಕೂಡುವುದಿಲ್ಲ. ಆಗ ಆ ಸಾಲನ್ನು ಹೊಡೆದುಹಾಕಿದ್ದರಿಂದ ಗುರವ್ವನಿಗೆ ಏನು ಬಂದ ಹಾಗಾಯಿತು? ನಿಜಗುಣಪ್ಪ ಹೊಲಕ್ಕೆ ಹೋಗುವುದನ್ನು ಬಿಟ್ಟು ದಿನಾ ಬೆಳಿಗ್ಗೆ ಹೆಂಡತಿಯ ಎದುರು ಕೂತು, ಆಕೆ ರೊಟ್ಟಿ ತಿಂದು ಗುಳಿಗೆ ನುಂಗುವವರೆಗೆ ಏಳುತ್ತಿರಲಿಲ್ಲವಂತೆ.

ಬದಲಾಗಿರಲಿಲ್ಲ. "ನಿಮ್ಮ ನಸೀಬು ಚಲೋ ಅದ" ಎಂದು ಡಾಕ್ಟರಮ್ಮ ಕಾಗದ ಕೈಗೆ ಕೊಟ್ಟರು. 'ಯಾವ ವಾರ ಉಪವಾಸ' ಎಂಬ ಪ್ರಶ್ನೆ ಸೇರಿಸಿ ಹೊಸ ಫಾರ್ಮು ಅಚ್ಚಿಗೆ ಕೊಟ್ಟಿದ್ದೇನೆ, ಬರಬೇಕು ಎಂದೂ ಹೇಳಿದರು. ಗುರವ್ವ ಕಾಗದವನ್ನು ಕಣ್ಣಿಗೆ ಒತ್ತಿಕೊಂಡಳು. ಕೌಂಟರಿನಲ್ಲಿ ಆ ತಿಂಗಳ ಗುಳಿಗೆ ತೆಗೆದುಕೊಂಡು, ಬಸ್‌ಸ್ಟ್ಯಾಂಡಿನಲ್ಲಿ ಏನಾದರೂ ಸಿಹಿ ತಿನ್ನೋಣ ಎಂದು ಮಾತಾಡಿಕೊಂಡೆವು.

ಕೌಂಟರಿನಲ್ಲಿ ನಮ್ಮ ಮುಂದೆ ಒಬ್ಬ ಹಿರಿಯರು ನಿಂತಿದ್ದರು. ತಲೆಗೆ ಪಟಕಾ, ಒಗೆದ ಧೋತರ, ಕೈಯಲ್ಲಿ ರುಮಾಲಿನ ಗಂಟು. ಕೌಂಟರಿನವನು ಕೇಳಿದ್ದಕ್ಕೆ ಪರಪ್ಪ ಎಂದು ಹೆಸರು ಹೇಳಿದರು, ಊರು ರಾಮದುರ್ಗದ ಕಡೆಯದು. ರುಮಾಲು ಬಿಚ್ಚಿ ಗುಳಿಗೆಯ ಪಟ್ಟಿಗಳನ್ನು ಸಾಲಾಗಿ ಇಟ್ಟರು.

"ಎಷ್ಟದಾವು?"

"ಇಪ್ಪತ್ತನಾಕು ಅದಾವ್ರಿ, ಎರಡು ತಿಂಗಳದಾಗ ಉಳಿದದ್ದು. ನಮ್ಮ ಮನಿಯಾಕಿವು. ಹ್ವಾದ ತಿಂಗಳ ಹೋಗಿಬಿಟ್ಳು. ಯಾರಿಗರೆ ಆಗಲಿ ಅಂತ ತಂದೇನಿ."

ಕೌಂಟರಿನವನು ಪಟ್ಟಿಗಳನ್ನು ಎಣಿಸಿದ. ತಲೆ ಎತ್ತಲಿಲ್ಲ. ಮರಳಿಸಿದ್ದು ಎಂಬ ಅಂಕಣದಲ್ಲಿ ಇಪ್ಪತ್ತನಾಲ್ಕು ಎಂದು ಬರೆದ.

ಗುರವ್ವ ಮುಂದೆ ಹೋಗಿ ನಿಂತಳು. "ಯಣ್ಣಾ, ಅಕ್ಕಾರು ಯಾವ ವಾರ ಹಿಡೀತಿದ್ರು?"

ಹಿರಿಯರು ಅಚ್ಚರಿಯಿಂದ ನೋಡಿದರು. "ಸೋಮವಾರ, ಶನಿವಾರ ಹಿಡೀತಿದ್ಳವ. ಜಡ್ಡು ಹೆಚ್ಚಾದ ಮ್ಯಾಲೆ ಗುರುವಾರಾನೂ ಹಿಡದ್ಳು. ಭಾಳ ನಿಷ್ಠಾದಾಕಿ. ಯಾಕವಾ?"

ಗುರವ್ವ ಬಾಯಿ ತೆರೆದಳು. ಆ ದಿನ ಡಾಕ್ಟರರಿಗೆ ಉತ್ತರ ಕೊಟ್ಟವಳು, ನನಗೆ ಪ್ರಶ್ನೆ ಕೇಳಿದವಳು, ಆ ಮನುಷ್ಯನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ನಾನೂ ನೆಲ ನೋಡಿದೆ. ಅವರಿಗೆ ಏನೆಂದು ಹೇಳುವುದು, ಹೇಳಿ ಅವರು ಮನೆಗೆ ಹೇಗೆ ಹೋಗುವುದು.

"ಏನಿಲ್ಲಣ್ಣ" ಎಂದಳು ಗುರವ್ವ. "ಹೇಳಿಧಂಗ ಕೇಳಿದಾಕಿ ಅಕ್ಕ."

ಹಿರಿಯರು ಹೌದೆಂದು ತಲೆಯಾಡಿಸಿ, ಖಾಲಿ ರುಮಾಲನ್ನು ಮಡಿಚಿ ಹೆಗಲಿಗೆ ಹಾಕಿಕೊಂಡು ಹೊರಟರು. ಅವರು ಬಾಗಿಲು ದಾಟುವವರೆಗೆ ಗುರವ್ವ ಕಾದಳು. ಆಮೇಲೆ ಕೌಂಟರಿನ ಕಿಂಡಿಯೊಳಗೆ ಕೈ ಹಾಕಿ ಆ ಇಪ್ಪತ್ತನಾಲ್ಕರ ಮುಂದೆ ಬೆರಳಿಟ್ಟಳು. ಅರಿಸಿನ ಹತ್ತಿ ಹತ್ತಿ ಉಗುರಿನ ಸುತ್ತ ಹಳದಿಯಾದ ಬೆರಳು.

"ಇಲ್ಲಿ ಬರಿ" ಎಂದಳು. "ಸೋಮವಾರ, ಗುರುವಾರ, ಶನಿವಾರ ಅಂತ ಬರಿ. ಬರೆಯೂತನಾ ನಾ ಇಲ್ಲಿಂದ ಸರಿಯೂದಿಲ್ಲ."

ಹಿಂದೆ ಸಾಲು ಬೆಳೆಯುತ್ತಿತ್ತು. ಕೌಂಟರಿನವನು ಮೊದಲ ಸಲ ತಲೆ ಎತ್ತಿ ಆಕೆಯನ್ನು ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ. ಪೆನ್ನು ತೆಗೆದುಕೊಂಡು ಬರೆದ.